ಕೆಳಗ ಹೊಕ್ಕೈತಿ, ಮ್ಯಾಲ ಬರವಲ್ದು

ಲಾರಿ ಡ್ರೈವರೊಬ್ಬ 'ಕ್ಲಚ್ ಜಾಮ್ ಆಗಿದೆ' ಎಂದರೆ ಆ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಪೆಡಲ್ ಒತ್ತಲು ಬಿಗಿ ಎಂಬುದು ಒಂದು. ಒತ್ತಿದ್ದು ಮೇಲೆ ಬರುತ್ತಿಲ್ಲ ಎಂಬುದು ಇನ್ನೊಂದು. ಬರುತ್ತದೆ, ಆದರೆ ನಿದ್ದೆಗಣ್ಣಿನ ಹುಡುಗ ಹಾಸಿಗೆಯಿಂದ ಏಳುವ ಹಾಗೆ ತಡವಾಗಿ ಬರುತ್ತದೆ ಎಂಬುದು ಮೂರನೆಯದು. ಪೆಡಲ್ ನೆಟ್ಟಗಿದೆ, ಗೇರ್ ಮಾತ್ರ ಬೀಳುತ್ತಿಲ್ಲ ಎಂಬುದು ನಾಲ್ಕನೆಯದು. ನಾಲ್ಕಕ್ಕೂ ಕಾರಣ ಬೇರೆ, ಬಿಚ್ಚಬೇಕಾದ ಜಾಗ ಬೇರೆ, ಆಗುವ ಖರ್ಚು ಬೇರೆ. ಆ ಖರ್ಚು ಕೊನೆಗೆ ಯಾರ ತಲೆಯ ಮೇಲೆ ಬರುತ್ತದೆ ಎಂಬುದೂ ಬೇರೆ.

ನಾನು ಮೆಕ್ಯಾನಿಕ್ ಅಲ್ಲ. ಹಾವೇರಿ ಕಡೆಯವನು. 14 ವರ್ಷದಿಂದ ಅಹಮದಾಬಾದಿನ ಸರ್ಖೇಜ್ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಇಲ್ಲಿಯವರ ಬಾಯಲ್ಲಿ ನಾನು 'ಮೆಹ್ತಾಜಿ'. ಮನೆ ಬೋಪಾಲಿನಲ್ಲಿ. ಊರಿಗೆ ಹೋದಾಗಲೆಲ್ಲ 'ಅದೇ, ಗ್ಯಾಸ್ ಸೋರಿದ ಊರಾ?' ಎಂದು ಕೇಳುವವರಿಗೆ, ಅದು ಭೋಪಾಲ್, ಮಧ್ಯಪ್ರದೇಶದ್ದು. ಇದು ಬೋಪಾಲ್, ಅಹಮದಾಬಾದಿನ ಪಶ್ಚಿಮದ ಅಂಚು ಎಂದು ಬಿಡಿಸಿ ಹೇಳಬೇಕು. 2020ರಲ್ಲಿ ಬೋಪಾಲ್-ಘುಮಾ ಅಹಮದಾಬಾದ್ ಮಹಾನಗರಪಾಲಿಕೆಗೆ ಸೇರಿತು. ನಾನು ಬಂದಾಗ ಹೊಲಗಳಿದ್ದ ಕಡೆ ಈಗ ಹನ್ನೆರಡು ಹದಿನಾಲ್ಕು ಮಹಡಿಯ ಕಟ್ಟಡಗಳಿವೆ. ಬದಲಾಗದೆ ಉಳಿದದ್ದೆಂದರೆ ರಾತ್ರಿಯಿಡೀ ಕೇಳುವ ಲಾರಿಗಳ ಸದ್ದು. ಊರನ್ನು ಸುತ್ತುವರಿದ 76 ಕಿಲೋಮೀಟರಿನ ಸರ್ದಾರ್ ಪಟೇಲ್ ರಿಂಗ್ ರೋಡ್ ನಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ.

ಅಹಮದಾಬಾದನ್ನು ಮುಟ್ಟಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48 ವಡೋದರಾ, ಸೂರತ್, ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ಹಾವೇರಿಗೆ ಹೋಗುತ್ತದೆ. ಅಂದರೆ ನಮ್ಮ ಆಫೀಸಿನಿಂದ ನನ್ನೂರಿಗೆ ಒಂದೇ ನಂಬರಿನ ರಸ್ತೆ. ಆದ್ದರಿಂದಲೇ ಆಗಾಗ ನಮ್ಮ ಕಡೆಯ ಡ್ರೈವರುಗಳು ಈ ರಸ್ತೆ ಹಿಡಿದು ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಅವರಿಗೂ ಇಲ್ಲಿನ ಮಿಸ್ತ್ರಿಗಳಿಗೂ ನಡುವೆ ಮಾತು ಸಿಕ್ಕಿಕೊಂಡಾಗ ನನಗೆ ಬುಲಾವ್ ಬರುತ್ತದೆ.

ಕಳೆದ ವರ್ಷ ಮೇ ತಿಂಗಳಲ್ಲಿ ಬಂದದ್ದು ಅಂಥದೇ ಒಂದು ಬುಲಾವ್. ಯಲಬುರ್ಗಾ ಕಡೆಯ ಹುಡುಗ, ವಯಸ್ಸು ಮೂವತ್ತರ ಒಳಗೆ. ನಮ್ಮಲ್ಲಿ ಸೇರಿ ಎರಡು ತಿಂಗಳಾಗಿತ್ತು. ಹತ್ತು ಗಾಲಿಯ ಲಾರಿಯಲ್ಲಿ ಖಾರಾಘೋಡಾ ಕಡೆಯಿಂದ ಉಪ್ಪು ತುಂಬಿಕೊಂಡು, ವಿರಮ್‌ಗಾಮ್, ಸಾಣಂದ್ ಮೇಲೆ ಹಾದು, ಭರೂಚ್ ಜಿಲ್ಲೆಯ ದಹೇಜಿನ ಕಾರ್ಖಾನೆಗಳಿಗೆ ಹಾಕುವ ಕೆಲಸ. ದೇಶದ ಉಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲು ಗುಜರಾತಿನದು. ಆ ಉಪ್ಪಿನಲ್ಲಿ ಒಂದಿಷ್ಟು ಸದಾ ಲಾರಿಗಳ ಮೈಗೆ ಅಂಟಿಕೊಂಡಿರುತ್ತದೆ.

ಆ ಲಾರಿ ಶಾಂತಿಪುರಾ ಚೋಕಡಿಯ ಹತ್ತಿರ ಏರಿನಲ್ಲಿ ಎಳೆಯದೆ ನಿಂತುಬಿಟ್ಟಿತ್ತು. ಸುಟ್ಟ ವಾಸನೆ. ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕ್ಲಚ್ ಪ್ಲೇಟ್ ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಮ್ಮಲ್ಲಿ ಬರೆಯದ ಒಂದು ನಿಯಮವಿದೆ, ಇಂಥ ಅನೇಕ ಆಫೀಸುಗಳಲ್ಲೂ ಇದೆ: ಟೈರ್ ಒಡೆದರೆ ರಸ್ತೆಯ ತಪ್ಪು, ಇಂಜಿನ್ ಹೋದರೆ ಹಣೆಬರಹ, ಕ್ಲಚ್ ಪ್ಲೇಟ್ ಸುಟ್ಟರೆ ಡ್ರೈವರನ ತಪ್ಪು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾನೆ, ಅರ್ಧ ಕ್ಲಚ್ಚಿನಲ್ಲಿ ಏರು ಹತ್ತಿಸಿದ್ದಾನೆ ಎಂಬುದು ವಾದ. ಅದು ಸುಳ್ಳೂ ಅಲ್ಲ, ಹಾಗೆ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಎಲ್ಲ ಸೇರಿದ ಒಂದು ಸೆಟ್ಟಿನ ಬೆಲೆ, ಗೇರ್‌ಬಾಕ್ಸ್ ಇಳಿಸುವ ಕೂಲಿ ಸೇರಿಸಿದರೆ, ಆ ಹುಡುಗನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದನ್ನು ಮೂರು ಕಂತಿನಲ್ಲಿ ಹಿಡಿಯಬೇಕೆಂದು ಶೇಠರು ಫೋನಿನಲ್ಲೇ ಹೇಳಿದ್ದರು. ಬರೆದುಕೊಳ್ಳಬೇಕಾದವನು ನಾನು.

ವರ್ಕ್‌ಶಾಪಿಗೆ ಹೋದಾಗ ಹುಡುಗ ಲಾರಿಯ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮಿಸ್ತ್ರಿ ಚಾಚಾಗೆ ಅರವತ್ತು ದಾಟಿದೆ, ಹೆಚ್ಚು ಮಾತಿಲ್ಲದ ಮನುಷ್ಯ. 'ಎರಡು ವಾರದಿಂದ ಕ್ಲಚ್ ಜಾಮ್ ಹೈ, ಜಾಮ್ ಹೈ ಅಂತಿದ್ದನಂತೆ. ದಾರಿಯಲ್ಲಿ ಯಾರೋ ನೋಡಿ ಪೆಡಲ್ ಒತ್ತಲು ಹಗುರವಾಗೇ ಇದೆಯಲ್ಲ ಎಂದು ಕಳಿಸಿದ್ದಾರೆ. ನನಗೂ ಹಗುರ ಅನ್ನಿಸಿತು' ಎಂದರು. ನಾನು ಹುಡುಗನ ಪಕ್ಕ ಕೂತು ಕೇಳಿದೆ: 'ತಮ್ಮಾ, ಏನಾಗತಿತ್ತು, ನಮ್ಮ ಮಾತಿನಾಗ ಹೇಳು.'

'ಬಿಗಿ ಇಲ್ರೀ ಅಣ್ಣಾರ. ಕೆಳಗ ಚಲೋ ಹೊಕ್ಕೈತಿ, ಮ್ಯಾಲ ಬರವಲ್ದು. ಬೆರಳಿಲೆ ಎತ್ತಿದ್ರ ಬರತೈತಿ. ಮುಂಜಾನಿ ಒಂದೀಟು ಚಲೋ, ಬಿಸಲು ಏರಿದಂಗ ಜಾಸ್ತಿ.'

ಎರಡು ವಾರ ಅವನು ಹರಕು ಹಿಂದಿಯಲ್ಲಿ ಹೇಳಿದ್ದು ಒಂದೇ ಪದ, ಜಾಮ್. ಕೇಳಿದವರು ಅದನ್ನು ಬಿಗಿ ಎಂದುಕೊಂಡಿದ್ದರು. ಗುಜರಾತಿಯಲ್ಲಿ ಇವೆರಡಕ್ಕೂ ಬೇರೆ ಮಾತಿದೆ: ಬಿಗಿಯಾದರೆ 'ಕಡಕ್ ಛೆ', ಅಂಟಿಕೊಂಡರೆ 'ಚೋಂಟೆ ಛೆ'. ನಾನು ಚಾಚಾಗೆ 'ಕಡಕ್ ನಥೀ, ಚೋಂಟೆ ಛೆ' ಎಂದೆ. ಅವರು ಬೀಡಿ ಆರಿಸಿ ಎದ್ದರು. 'ಗೇರ್‌ಬಾಕ್ಸ್ ಇಳಿಸೋದು ಆಮೇಲೆ. ಮೊದಲು ಪೆಡಲ್ ಯಾಕೆ ಏಳೋದಿಲ್ಲ ನೋಡೋಣ' ಎಂದರು.

ಮುಂದೆ ನಡೆದದ್ದು ಅರ್ಥವಾಗಲು ದೊಡ್ಡ ಲಾರಿಯ ಕ್ಲಚ್ಚಿನ ದಾರಿ ಗೊತ್ತಿರಬೇಕು. ಕ್ಲಚ್ ಪ್ಲೇಟ್ ಎಂದರೆ ಊಟದ ತಟ್ಟೆಗಿಂತ ದೊಡ್ಡ ಬಿಲ್ಲೆ. ಇಂಥ ಲಾರಿಗಳಲ್ಲಿ ಅದರ ಅಗಲ 380, 395 ಮಿಲಿಮೀಟರ್ ಹೀಗೆ ಇರುತ್ತದೆ. ಇಂಜಿನ್ನಿನ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಬಲವಾದ ಸ್ಪ್ರಿಂಗ್ ಅದನ್ನು ಅದುಮಿ ಹಿಡಿದಿರುತ್ತದೆ. ಆ ಹಿಡಿತವನ್ನು ಸಡಿಲಿಸುವುದೇ ಪೆಡಲಿನ ಕೆಲಸ. ಬರಿಗಾಲಿನ ಶಕ್ತಿಗೆ ಅದು ಬಗ್ಗುವುದಿಲ್ಲ. ಅದಕ್ಕಾಗಿ ಪೆಡಲ್ ಮೊದಲು ಒಂದು ಸಲಾಕೆಯಿಂದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ದ್ರವ ಪೈಪಿನಲ್ಲಿ ಹರಿದು ಗೇರ್‌ಬಾಕ್ಸಿನ ಪಕ್ಕದ ಬೂಸ್ಟರ್ ಮುಟ್ಟುತ್ತದೆ. ಬೂಸ್ಟರಿನಲ್ಲಿ ಗಾಳಿಯ ಒತ್ತಡ ಕಾಲಿಗೆ ನೆರವಾಗುತ್ತದೆ. ಬೂಸ್ಟರಿನ ಸಲಾಕೆ ಫೋರ್ಕನ್ನು, ಫೋರ್ಕ್ ಬೇರಿಂಗನ್ನು, ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ತಳ್ಳುತ್ತವೆ. ಕಾಲು ತೆಗೆದಾಗ ಇದೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಒತ್ತುವಾಗ ಮನುಷ್ಯನ ಕಾಲಿನ ಜೊತೆಗೆ ಗಾಳಿಯ ಬಲವಿದೆ. ಪೆಡಲಿನ ತುದಿಗೆ ಹಿಂತಿರುಗುವಾಗ ಇರುವುದು ಸಣ್ಣ ಸ್ಪ್ರಿಂಗುಗಳ ಬಲ ಮಾತ್ರ. ಹಾಗಾಗಿ ದಾರಿಯಲ್ಲಿ ಎಲ್ಲಾದರೂ ಸ್ವಲ್ಪ ತಡೆ ಬಂದರೂ ಹೋಗುವಾಗ ಕಾಲಿಗೆ ಗೊತ್ತಾಗುವುದಿಲ್ಲ, ಬರುವಾಗ ಗೊತ್ತಾಗುತ್ತದೆ. ಹುಡುಗ ಹೇಳಿದ್ದು ಇದನ್ನೇ.

ಪೂರ್ತಿ ಹಿಂದಕ್ಕೆ ಬರದಿದ್ದರೆ ಆಗುವುದೇನು? ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತದೆ. ಪ್ಲೇಟಿನ ಮೇಲೆ ಹಿಡಿತ ಸಾಲದು, ಅದು ಜಾರಿ ಜಾರಿ ಬಿಸಿಯಾಗುತ್ತದೆ. ಉಪ್ಪಿನ ಪೂರ್ತಿ ಲೋಡಿನಲ್ಲಿ ನಾಲ್ಕು ಏರು ಹತ್ತಿದರೆ ಸುಡುತ್ತದೆ. ಪೆಡಲ್ ಮೇಲೆ ಕಾಲಿಟ್ಟು ಓಡಿಸಿದವನ ಪ್ಲೇಟೂ ಹೀಗೇ ಸುಡುತ್ತದೆ. ಸುಟ್ಟ ಪ್ಲೇಟನ್ನು ಮಾತ್ರ ನೋಡಿದರೆ ಇಬ್ಬರಿಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಹುಡುಕಬೇಕಾದದ್ದು ಪೆಡಲಿನಿಂದ ಪ್ಲೇಟಿನವರೆಗಿನ ದಾರಿಯಲ್ಲಿ.

ಚಾಚಾ ಆ ದಾರಿಯನ್ನು ತುಂಡು ತುಂಡಾಗಿ ಬಿಡಿಸುತ್ತಾ ಹೋದರು. ಮೊದಲು ಕಾಲಡಿಯ ಮ್ಯಾಟ್ ತೆಗೆದು ಬಿಸಾಡಿದರು. ಮ್ಯಾಟ್ ಮಡಚಿಕೊಂಡು ಪೆಡಲನ್ನು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಹಳೆಯ ಕಾಯಿಲೆ. ಇಲ್ಲಿ ಅದಲ್ಲ. ಆಮೇಲೆ ಪೆಡಲಿಗೂ ಮಾಸ್ಟರ್ ಸಿಲಿಂಡರಿನ ಸಲಾಕೆಗೂ ನಡುವಿನ ಪಿನ್ ತೆಗೆದು, ಬರೀ ಪೆಡಲನ್ನು ಕೈಯಲ್ಲಿ ಆಡಿಸಿದರು. ಕಿರ್ ಎಂದಿತು. ಪೆಡಲ್ ತೂಗುವ ಬುಷ್ ಒಣಗಿ, ಉಪ್ಪಿನ ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚಿ, ಉಜ್ಜಿ, ಗ್ರೀಸ್ ತುಂಬಿ ಜೋಡಿಸಿದರು. ಈಗ ಪೆಡಲ್ ಒಂಟಿಯಾಗಿ ತೊಟ್ಟಿಲಿನ ಹಾಗೆ ತೂಗಿತು. ಪಿನ್ ಹಾಕಿ ಒತ್ತಿಸಿದರೆ ಮೊದಲಿಗಿಂತ ವಾಸಿ, ಆದರೂ ಅರ್ಧಕ್ಕೆ ನಿಲ್ಲುತ್ತದೆ.

ಬಹಳ ಕಡೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ಒಂದು ಕಾರಣ ಸಿಕ್ಕಿತು, ಗ್ರೀಸ್ ಹಾಕಿದ್ದಾಯಿತು, ಪ್ಲೇಟಿನ ದುಡ್ಡು ಡ್ರೈವರ್ ಕೊಡಲಿ. ಆದರೆ ಹುಡುಗ ಪೆಡಲಿನಿಂದ ಕಾಲು ತೆಗೆದು, 'ಇನ್ನೂ ಪೂರಾ ಬಂದಿಲ್ರೀ' ಎಂದ. ನಾನು ಅದನ್ನು ಗುಜರಾತಿಗೆ ತಿರುಗಿಸಿದೆ. ಚಾಚಾ ತಲೆಯಾಡಿಸಿದರು.

ಅಷ್ಟರಲ್ಲಿ ಮಧ್ಯಾಹ್ನ. 2016ರ ಮೇ 20ರಂದು 48 ಡಿಗ್ರಿ ಮುಟ್ಟಿದ ಊರಿದು. ಮೇ ಮಧ್ಯಾಹ್ನ ಲಾರಿಯ ಅಡಿ ಯಾರೂ ಮಲಗಲಾರರು. ಐದು ಗಂಟೆಯ ಮೇಲೆ ಮತ್ತೆ ಶುರುವಾಯಿತು. ಇಂಜಿನ್ ಬಂದ್ ಮಾಡಿ, ಟ್ಯಾಂಕಿನ ಗಾಳಿಯನ್ನೆಲ್ಲ ಬಿಟ್ಟರು. ಗಾಳಿ ಇಲ್ಲದ ಪೆಡಲ್ ಕಲ್ಲಿನ ಹಾಗಾಗುತ್ತದೆ. ಹುಡುಗ ಎರಡೂ ಕಾಲಿನಿಂದ ಒತ್ತಿ ಬಿಟ್ಟ. ಆಗಲೂ ಪೂರ್ತಿ ಬರಲಿಲ್ಲ. ಗಾಳಿ ಇಲ್ಲದಾಗಲೂ ಅಂಟುತ್ತದೆ ಎಂದರೆ ಬೂಸ್ಟರಿನ ಗಾಳಿ ಹೊರಹೋಗದೆ ಸಿಕ್ಕಿಕೊಂಡಿದೆ ಎಂಬ ಅನುಮಾನ ಹೋಯಿತು. ಉಳಿದದ್ದು ಎರಡು: ಒಂದೋ ಫೋರ್ಕ್, ಬೇರಿಂಗ್ ಎಲ್ಲೋ ಹಿಡಿದಿವೆ, ಇಲ್ಲವೋ ಪೈಪಿನ ದ್ರವ ಹಿಂದಕ್ಕೆ ಬರುತ್ತಿಲ್ಲ.

ಇವೆರಡನ್ನೂ ಬೇರೆ ಮಾಡಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಒಂದು ಪಾನಾ ಸಾಕು ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಹುಡುಗ ಪೆಡಲ್ ಒತ್ತಿ ಬಿಟ್ಟ. ಕೆಳಗೆ ಬೂಸ್ಟರಿನ ಸಲಾಕೆ ಹೊರಗೇ ನಿಂತಿತ್ತು. ಚಾಚಾ ಬೂಸ್ಟರಿನ ಬ್ಲೀಡ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದರು. ಚುಯ್ಯೆಂದು ದ್ರವ ಚಿಮ್ಮಿತು, ಟಕ್ಕೆಂದು ಸಲಾಕೆ ಒಳಗೆ ಹೋಯಿತು. ಫೋರ್ಕ್, ಬೇರಿಂಗ್ ಹಿಡಿದಿದ್ದರೆ ಸಲಾಕೆ ಹಾಗೆ ಹಿಂದೆ ಹೋಗುತ್ತಿರಲಿಲ್ಲ. ಸಿಕ್ಕಿಕೊಂಡದ್ದು ದ್ರವ. ಎಲ್ಲಿ? ನಿಪ್ಪಲ್ ಬಿಗಿದು, ಮತ್ತೆ ಒತ್ತಿಸಿ, ಈ ಸಲ ಮೇಲೆ ಮಾಸ್ಟರ್ ಸಿಲಿಂಡರಿನ ಬಾಯಿಯ ಹತ್ತಿರ ಪೈಪಿನ ನಟ್ ಸಡಿಲಿಸಿದರು. ಅಲ್ಲೂ ಚಿಮ್ಮಿತು, ಕೆಳಗೆ ಸಲಾಕೆ ಹಿಂದೆ ಹೋಯಿತು. ಅಂದರೆ ಪೈಪು, ಹೋಸು ತೆರೆದಿವೆ. ಬಾಗಿಲು ಹಾಕಿಕೊಂಡಿರುವುದು ಮಾಸ್ಟರ್ ಸಿಲಿಂಡರ್.

ಚಾಚಾ ದ್ರವದ ಡಬ್ಬಿಯ ಮುಚ್ಚಳ ತೆಗೆದರು. ಮುಚ್ಚಳದೊಳಗಿನ ರಬ್ಬರ್ ನೆನೆಸಿದ ಹಪ್ಪಳದ ಹಾಗೆ ಉಬ್ಬಿ ಸೊಟ್ಟಗಾಗಿತ್ತು. ಅವರು ಏನೂ ಹೇಳದೆ ಚಹಾದ ಗಾಜಿನ ಲೋಟದಲ್ಲಿ ನೀರು ತರಿಸಿ, ಡಬ್ಬಿಯ ದ್ರವ ನಾಲ್ಕು ಹನಿ ಹಾಕಿದರು. ಅದು ನೀರಲ್ಲಿ ಬೆರೆಯಲಿಲ್ಲ. ಮೇಲೆ ಬಣ್ಣ ಬಣ್ಣದ ಪೊರೆಯಾಗಿ ತೇಲಿತು.

ನಾವೆಲ್ಲ ಅದನ್ನು 'ಬ್ರೇಕ್ ಆಯಿಲ್' ಎನ್ನುತ್ತೇವೆ. ಹಾವೇರಿಯಲ್ಲೂ ಹಾಗೇ, ಅಹಮದಾಬಾದಿನಲ್ಲೂ ಹಾಗೇ. ಆ ಹೆಸರಿನ ಎರಡು ಪದವೂ ಈ ಲಾರಿಯ ಮಟ್ಟಿಗೆ ಸುಳ್ಳು. ಇಂಥ ಲಾರಿಯ ಬ್ರೇಕ್ ಗಾಳಿಯದು, ಬ್ರೇಕಿಗೆ ಆ ದ್ರವ ಬೇಕೇ ಇಲ್ಲ. ಅದು ಇರುವುದು ಕ್ಲಚ್ಚಿಗೆ. ಇನ್ನು ಅದು ಆಯಿಲ್ ಕೂಡ ಅಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ. ನೀರಿನಲ್ಲಿ ಬೆರೆಯುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಷರುಗಳನ್ನು ಅದಕ್ಕೆ ಹೊಂದುವಂತೆ ಮಾಡಿರುತ್ತಾರೆ. ಆ ರಬ್ಬರಿಗೆ ನಿಜವಾದ ಎಣ್ಣೆ ಸೋಕಿದರೆ ಅದು ಉಬ್ಬುತ್ತದೆ. ಉಬ್ಬಿದ ವಾಷರ್ ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಕಾಲು ತಳ್ಳಿದರೆ ಮುಂದೆ ಹೋಗುತ್ತದೆ, ಸಣ್ಣ ಸ್ಪ್ರಿಂಗ್ ಕರೆದರೆ ಹಿಂದೆ ಬರುವುದಿಲ್ಲ. ದ್ರವ ಡಬ್ಬಿಗೆ ಹಿಂತಿರುಗುವ ಸೂಜಿಗಣ್ಣಿನಷ್ಟು ಸಣ್ಣ ತೂತನ್ನೂ ಅದು ಮುಚ್ಚಿಬಿಡುತ್ತದೆ. ಬಿಸಿಲಿಗೆ ದ್ರವ ಹಿಗ್ಗಿದರೂ ಹೋಗಲು ಜಾಗವಿಲ್ಲ. 'ಮುಂಜಾನಿ ಚಲೋ, ಬಿಸಲು ಏರಿದಂಗ ಜಾಸ್ತಿ' ಎಂದದ್ದು ಅದಕ್ಕೆ.

ಎಣ್ಣೆ ಸುರಿದವರು ಯಾರು? ಕಾರಣ ಸಿಕ್ಕ ಕೂಡಲೇ ಶೇಠರ ಕಡೆಯ ಸೂಪರ್‌ವೈಸರ್ ಕೇಳಿದ್ದು ಇದನ್ನೇ, ಹುಡುಗನ ಮುಖ ನೋಡಿಕೊಂಡು. ಹುಡುಗ 'ನಾ ಮುಚ್ಚಳಾನ ತಗದಿಲ್ರೀ' ಎಂದ. ಅವನ ಮಾತಿಗೆ ಸಾಕ್ಷಿ ಇರಲಿಲ್ಲ.

ಸಾಕ್ಷಿ ಇದ್ದದ್ದು ನನ್ನ ಕಪಾಟಿನಲ್ಲಿ. ನಮ್ಮಲ್ಲಿ ಪ್ರತಿ ಗಾಡಿಗೂ ಒಂದು ಫೈಲ್ ಇದೆ, ದಾರಿಯ ಖರ್ಚಿನ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಅಂಟಿಸಿಡುತ್ತೇನೆ. ರಾತ್ರಿ ಕೂತು ತಿರುವಿದೆ. ಆ ಹುಡುಗ ಸೇರುವ ಮೂರು ವಾರ ಮೊದಲು, ಹಿಂದಿನ ಡ್ರೈವರ್ ಸೂರತ್ ದಾರಿಯ ಒಂದು ರಸ್ತೆಬದಿಯ ಗ್ಯಾರೇಜಿನಲ್ಲಿ ಕೊಟ್ಟ ದುಡ್ಡಿನ ಚೀಟಿ ಸಿಕ್ಕಿತು. ಗುಜರಾತಿಯಲ್ಲಿ ಬರೆದಿತ್ತು: ಕ್ಲಚ್ ಡಬ್ಬಿಗೆ ಸ್ಟೇರಿಂಗ್ ಆಯಿಲ್, ಅರ್ಧ ಲೀಟರ್. ಬರೆದವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಡಬ್ಬಿಯಲ್ಲಿ 'ಆಯಿಲ್' ಕಡಿಮೆ ಇತ್ತು, ಅವನು ಆಯಿಲ್ ಹಾಕಿದ್ದ.

ಮರುದಿನ ಆ ಚೀಟಿ, ಉಬ್ಬಿದ ವಾಷರ್, ಹುಡುಗ ಸೇರಿದ ತಾರೀಕು ಮೂರನ್ನೂ ಶೇಠರ ಮೇಜಿನ ಮೇಲಿಟ್ಟೆ. ಚಾಚಾ ಲೋಟದ ನೀರಿನ ಆಟವನ್ನು ಇನ್ನೊಮ್ಮೆ ಮಾಡಿ ತೋರಿಸಿದರು. ಶೇಠರು ಬಹಳ ಹೊತ್ತು ವಾಷರನ್ನು ಬೆರಳಲ್ಲಿ ಹಿಸುಕುತ್ತಿದ್ದರು. ಆಮೇಲೆ 'ಹೊಡೆದು ಹಾಕಿ' ಎಂದರು. ನಾನು ಸಂಬಳದ ಪುಸ್ತಕದಲ್ಲಿ ಆ ಮೂರು ಕಂತುಗಳ ಮೇಲೆ ಗೆರೆ ಎಳೆದೆ. ಹುಡುಗನಿಗೆ ಯಾರೂ ಏನೂ ಹೇಳಲಿಲ್ಲ. ರಿಪೇರಿಗೆ ಹೋದ ಆರು ದಿನದ ಭತ್ಯೆಯೂ ಅವನಿಗೆ ಸಿಗಲಿಲ್ಲ. ಅದನ್ನು ಕೊಡಿಸಲು ನನ್ನ ಹತ್ತಿರ ಚೀಟಿ ಇರಲಿಲ್ಲ.

ರಿಪೇರಿಯನ್ನು ಚಾಚಾ ಅರ್ಧಂಬರ್ಧ ಮಾಡಲಿಲ್ಲ. ಎಣ್ಣೆ ಒಮ್ಮೆ ಹೊಕ್ಕ ಮೇಲೆ ಮಾಸ್ಟರ್ ಸಿಲಿಂಡರಿನ ವಾಷರ್ ಒಂದನ್ನೇ ಬದಲಿಸಿದರೆ ಸಾಲದು. ಬೂಸ್ಟರಿನೊಳಗಿನ ರಬ್ಬರುಗಳು, ಹೋಸು, ಮುಚ್ಚಳದ ರಬ್ಬರು ಎಲ್ಲವೂ ಹೊಸದಾಗಬೇಕು, ಪೈಪನ್ನು ಹೊಸ ದ್ರವದಿಂದಲೇ ತೊಳೆಯಬೇಕು. ಇಲ್ಲದಿದ್ದರೆ ಉಳಿದ ಎಣ್ಣೆ ಹೊಸ ವಾಷರನ್ನೂ ಉಬ್ಬಿಸುತ್ತದೆ. ಹುಡುಗನಿಗೆ ಅವರು ಹೇಳಿದ ಬುದ್ಧಿಮಾತನ್ನು ನಾನೇ ಕನ್ನಡಕ್ಕೆ ತಿರುಗಿಸಿದೆ: ಓಡುವಾಗ ಪೆಡಲ್ ಏಳದಿದ್ದರೆ ಬಗ್ಗಿ ಕೈಯಲ್ಲಿ ಎತ್ತಲು ಹೋಗಬೇಡ, ಕಣ್ಣು ರಸ್ತೆಯ ಮೇಲಿರಲಿ, ಆಕ್ಸಿಲರೇಟರ್ ಬಿಟ್ಟು, ಇಂಡಿಕೇಟರ್ ಹಾಕಿ, ಬ್ರೇಕಿನಿಂದಲೇ ನಿಧಾನಿಸಿ ಬದಿಗೆ ಹಾಕು. ಆಮೇಲೆ ಗಾಲಿಗೆ ಕಲ್ಲಿಟ್ಟು ನೋಡು.

ಆ ಘಟನೆಯ ನಂತರ ನಮ್ಮ ದೂರಿನ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಿದ್ದೇನೆ: ಡ್ರೈವರ್ ಹೇಳಿದ ಮಾತು, ಅವನ ಭಾಷೆಯಲ್ಲೇ. ಹಿಂದಿ, ಗುಜರಾತಿ, ಭೋಜಪುರಿ, ಮಾರವಾಡಿ, ಅಪರೂಪಕ್ಕೆ ಕನ್ನಡ. ಬರೆಯಲು ಬಾರದವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. 'ಜಾಮ್' ಎಂದಷ್ಟೇ ಹೇಳಿದರೆ ಬರೆದುಕೊಳ್ಳುವುದಿಲ್ಲ. ಹೋಗುವಾಗಲೋ ಬರುವಾಗಲೋ, ಬೆಳಿಗ್ಗೆಯೋ ಮಧ್ಯಾಹ್ನವೋ, ಬೆರಳಲ್ಲಿ ಎತ್ತಿದರೆ ಏಳುತ್ತದೋ ಇಲ್ಲವೋ ಎಂದು ಕೇಳುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಚಾಚಾ ಮಾತ್ರ ಗಾಡಿ ಮುಟ್ಟುವ ಮೊದಲು ಆ ಅಂಕಣ ಓದಿಸಿಕೊಳ್ಳುತ್ತಾರೆ.

ಯಲಬುರ್ಗಾದ ಹುಡುಗ ದೀಪಾವಳಿಗೆ ಊರಿಗೆ ಹೋದವನು ಹಿಂತಿರುಗಲಿಲ್ಲ, ಹುಬ್ಬಳ್ಳಿ ಕಡೆ ಕೆಲಸ ಹಿಡಿದ. ಮೊನ್ನೆ ಫೋನ್ ಮಾಡಿದ್ದ. ಈಗ ಓಡಿಸುವ ಹೊಸ ಲಾರಿಗೆ ಕ್ಲಚ್ ಪೆಡಲೇ ಇಲ್ಲವಂತೆ, ಗೇರ್ ತಾನೇ ಬೀಳುತ್ತದಂತೆ. 'ಮೊಳಕಾಲ ನೋವು ಕಡಿಮಿ ಆಗೈತ್ರೀ ಅಣ್ಣಾರ' ಎಂದ. ಸ್ವಲ್ಪ ತಡೆದು, 'ಆದ್ರ ಎಡಗಾಲು ಇನ್ನೂ ಹುಡುಕ್ತೈತ್ರೀ' ಎಂದು ನಕ್ಕ.